ಟಿಮ್ಮಿನ್ಸ್ ಅನ್ನೋ ಊರು, ಎರಡು ಹಾಕಿ ಹಾಡು

ಟೊರಾಂಟೊದಲ್ಲಿ ಅದು ನನ್ನ ಮೊದಲ ಚಳಿಗಾಲ. ಆಫೀಸಿನಲ್ಲಿ ಯಾರಿಗೋ ಬರೋಕಾಗದೆ ಒಂದು ಟಿಕೆಟ್ ಉಳಿದು, ಅದು ನನ್ನ ಪಾಲಿಗೆ ಬಂತು. ಹಾಕಿ ಅಂದ್ರೆ ನನಗೆ ಅಲ್ಲಿವರೆಗೆ ಗೊತ್ತಿದ್ದದ್ದು ಕೊಡಗಿನ ಮೈದಾನಗಳು ಮತ್ತು ಧನರಾಜ್ ಪಿಳ್ಳೈ. ಕೆನಡಾದಲ್ಲಿ 'ಐಸ್ ಹಾಕಿ' ಅಂತ ಹೇಳಿದರೆ ಜನ ಒಂಥರಾ ನೋಡ್ತಾರೆ. ಅಲ್ಲಿ ಹಾಕಿ ಅಂದ್ರೆ ಐಸ್ ಮೇಲೆ ಆಡೋದೇ. ಹುಲ್ಲಿನ ಮೇಲೆ ಆಡೋದಕ್ಕೆ ಬೇಕಿದ್ರೆ ಬೇರೆ ಹೆಸರು ಇಟ್ಕೋಬೇಕು. ಪಕ್ ಅನ್ನೋ ಆ ಕಪ್ಪು ರಬ್ಬರ್ ಬಿಲ್ಲೆ ಎಲ್ಲಿದೆ ಅಂತ ಹುಡುಕೋದರಲ್ಲೇ ನನ್ನ ಮೊದಲ ಇಪ್ಪತ್ತು ನಿಮಿಷ ಮುಗೀತು.

ಆಟ ನಿಂತ ಒಂದು ಗಳಿಗೆಯಲ್ಲಿ ಸ್ಪೀಕರಿನಲ್ಲಿ ಹಾಡೊಂದು ಶುರುವಾಯ್ತು. ಒಂದು ಗಿಟಾರು, ಸ್ವಲ್ಪ ಮೂಗಿನಲ್ಲೇ ಹಾಡುವ ಗಂಡಸಿನ ದನಿ, ನರ್ಸರಿ ಮಕ್ಕಳೂ ಒಂದೇ ಸಲಕ್ಕೆ ಕಲಿಯಬಹುದಾದ ಧಾಟಿ. ಹದಿನೆಂಟು ಸಾವಿರ ಜನ ಹಿಡಿಸುವ ಆ ಕ್ರೀಡಾಂಗಣದಲ್ಲಿ ಬಹುಪಾಲು ಜನ ಚಪ್ಪಾಳೆ ತಟ್ಕೊಂಡು ಜೊತೆಗೇ ಹಾಡಿದರು. ನನ್ನ ಪಕ್ಕದಲ್ಲಿದ್ದ ಹಿರಿಯರೊಬ್ಬರು ಹಾಡು ಮುಗಿದ ಮೇಲೆ, ಇವನು ಹೊಸಬ ಅಂತ ಗೊತ್ತಾಗಿರಬೇಕು, ಹಾಡಿದವನ ಹೆಸರು ಹೇಳಿದರು: ಸ್ಟಾಂಪಿನ್ ಟಾಮ್ ಕಾನರ್ಸ್. ಆಮೇಲೆ ಮೇಲಕ್ಕೆ ಬೆರಳು ತೋರಿಸಿದರು. ಚಾವಣಿಯಿಂದ ಇಳಿಬಿಟ್ಟ ಬ್ಯಾನರುಗಳ ಸಾಲಿನಲ್ಲಿ ಒಂದರ ಮೇಲೆ 5 ಅಂತಿತ್ತು. ಅವನ ಮೇಲೂ ಒಂದು ಹಾಡಿದೆ, ಮನೆಗೆ ಹೋಗಿ ಕೇಳು ಅಂದರು.

ಕೇಳಿದೆ. ಒಂದು ಹಾಡಿನಿಂದ ಇನ್ನೊಂದಕ್ಕೆ, ಅಲ್ಲಿಂದ ಪುಸ್ತಕಗಳಿಗೆ, ಹಳೇ ಪತ್ರಿಕೆಗಳಿಗೆ ಹೋದೆ. ಒಂದು ವಿಷಯ ತಲೆಯಲ್ಲಿ ಉಳಿದುಬಿಡ್ತು. ಆ ಎರಡೂ ಹಾಡುಗಳ ದಾರಿ ಒಂದೇ ಊರಿನ ಮೂಲಕ ಹಾದು ಹೋಗುತ್ತೆ. ಟಿಮ್ಮಿನ್ಸ್. ಒಂಟಾರಿಯೊ ಪ್ರಾಂತ್ಯದ ಉತ್ತರದಲ್ಲಿ, ಟೊರಾಂಟೊದಿಂದ ಸುಮಾರು 700 ಕಿಲೋಮೀಟರ್ ದೂರದ ಚಿನ್ನದ ಗಣಿಯೂರು. 1909ರಲ್ಲಿ ಅಲ್ಲಿ ಚಿನ್ನ ಸಿಕ್ಕಿತು, 1912ರಲ್ಲಿ ಊರು ಹುಟ್ಟಿತು. ನಮ್ಮ ಕೆಜಿಎಫ್ ಥರವೇ ಅಂದ್ಕೊಳ್ಳಿ, ಮಣ್ಣಿನ ಬದಲು ಹಿಮ.

ಮೊದಲು ಟಾಮ್ ವಿಷಯ. ಹುಟ್ಟಿದ್ದು 1936ರಲ್ಲಿ, ನ್ಯೂ ಬ್ರನ್ಸ್‌ವಿಕ್‌ನ ಸೇಂಟ್ ಜಾನ್‌ನಲ್ಲಿ. ತಾಯಿ ಹದಿಹರೆಯದ ಹುಡುಗಿ. ಬಡತನ ಎಷ್ಟಂದ್ರೆ, ಆಕೆ ಜೈಲಿಗೆ ಹೋದಾಗ ಮಗುವೂ ಕೆಲಕಾಲ ಅವಳ ಜೊತೆ ಅಲ್ಲೇ ಇತ್ತು. ಆಮೇಲೆ ಸರ್ಕಾರಿ ವ್ಯವಸ್ಥೆ ಮಗುವನ್ನು ತಾಯಿಯಿಂದ ಬೇರೆ ಮಾಡಿತು, ಪ್ರಿನ್ಸ್ ಎಡ್ವರ್ಡ್ ಐಲ್ಯಾಂಡಿನ ಸ್ಕಿನ್ನರ್ಸ್ ಪಾಂಡ್ ಎಂಬ ಹಳ್ಳಿಯ ಕುಟುಂಬವೊಂದು ದತ್ತು ತಗೊಂಡಿತು. ಹುಡುಗ ಅಲ್ಲೂ ನಿಲ್ಲಲಿಲ್ಲ. ಹದಿಹರೆಯದಲ್ಲೇ ಮನೆ ಬಿಟ್ಟು, ಗಿಟಾರು ಹೆಗಲಿಗೇರಿಸಿಕೊಂಡು, ಹೋಗುವ ಬರುವ ಗಾಡಿಗಳಿಗೆ ಕೈ ತೋರಿಸುತ್ತಾ ವರ್ಷಗಟ್ಟಲೆ ದೇಶ ಸುತ್ತಿದ. ತಂಬಾಕು ಕಿತ್ತ, ಸಿಕ್ಕ ಸಿಕ್ಕ ಕೂಲಿ ಮಾಡಿದ.

1964ರಲ್ಲಿ ಟಿಮ್ಮಿನ್ಸ್‌ಗೆ ಬಂದಾಗ ಅವನ ಜೇಬಿನಲ್ಲಿದ್ದದ್ದು 35 ಸೆಂಟು. ಮೇಪಲ್ ಲೀಫ್ ಹೋಟೆಲಿನಲ್ಲಿ ಒಂದು ಬಿಯರಿಗೆ 40 ಸೆಂಟು. ಐದು ಸೆಂಟು ಕಮ್ಮಿ. ಬಾರಿನವನು ಗಿಟಾರು ನೋಡಿ, ಎರಡು ಹಾಡು ಹಾಡು, ಬಿಯರ್ ನಂದು ಅಂದನಂತೆ. ಆ ಎರಡು ಹಾಡು ಒಂದು ವರ್ಷಕ್ಕೂ ಹೆಚ್ಚು ಕಾಲದ ಕೆಲಸವಾಯ್ತು, ಜೊತೆಗೆ ಊರಿನ ರೇಡಿಯೊದಲ್ಲಿ ಹಾಡೋ ಅವಕಾಶ. ಇಂಥ ಕತೆಗಳನ್ನ ನಾನು ಸಾಮಾನ್ಯವಾಗಿ ಅರ್ಧಕ್ಕರ್ಧ ನಂಬೋದು. ಆದರೆ ಟಾಮ್ ಇದನ್ನ ಜೀವನಪೂರ್ತಿ ಹೇಳಿಕೊಂಡು ಬಂದ, ಆ ಐದು ಸೆಂಟಿನ ಲೆಕ್ಕ ಮಾತ್ರ ಬದಲಾಗಲಿಲ್ಲ.

ಬಾರುಗಳಲ್ಲಿ ಗದ್ದಲ. ಹಾಡು ಕೇಳಿಸಬೇಕಲ್ಲ? ತಾಳಕ್ಕೆ ಎಡಗಾಲಿನ ಬೂಟನ್ನ ನೆಲಕ್ಕೆ ಜೋರಾಗಿ ಬಡಿಯೋ ಅಭ್ಯಾಸ ಬೆಳೀತು. ನೆಲ ಹಾಳಾಗುತ್ತೆ ಅಂತ ಮಾಲೀಕರು ಗೊಣಗಿದಾಗ ಕಾಲಡಿಗೆ ಒಂದು ಪ್ಲೈವುಡ್ ಹಲಗೆ ಹಾಕ್ಕೊಂಡ. ಕಾರ್ಯಕ್ರಮ ಮುಗಿಯೋ ಹೊತ್ತಿಗೆ ಹಲಗೆಯಿಂದ ಚಕ್ಕೆ ಹಾರ್ತಿತ್ತು. ಹೆಸರಿನ ಹಿಂದೆ 'ಸ್ಟಾಂಪಿನ್' ಸೇರಿದ್ದು 1967ರಲ್ಲಿ, ಪೀಟರ್‌ಬರೊ ಊರಿನ ಒಂದು ಬಾರಿನಲ್ಲಿ.

ಆ ಕಾಲದ ಕೆನಡಾದ ರೇಡಿಯೊ ಹೇಗಿತ್ತು ಅನ್ನೋದನ್ನ ಇಲ್ಲಿ ಹೇಳಲೇಬೇಕು. ಪಕ್ಕದಲ್ಲಿ ಅಮೆರಿಕ, ಭಾಷೆ ಬಹುಪಾಲು ಒಂದೇ. ಸ್ವಂತ ದೇಶದ ಸ್ಟೇಷನ್ ಹಾಕಿದರೂ ಬರ್ತಿದ್ದದ್ದು ಅಮೆರಿಕದ ಹಾಡುಗಳೇ. ಬೆಂಗಳೂರಿನ ಎಫ್ಎಂ ಕೇಳಿಕೊಂಡು ಟ್ರಾಫಿಕ್ಕಿನಲ್ಲಿ ಕೂತವರಿಗೆ ಇದನ್ನ ಹೆಚ್ಚು ವಿವರಿಸೋದು ಬೇಡ. 1971ರಲ್ಲಿ ಸರ್ಕಾರ ನಿಯಮ ತಂತು: ಎಎಂ ರೇಡಿಯೊದಲ್ಲಿ ಬರುವ ಸಂಗೀತದಲ್ಲಿ ಶೇ. 30ರಷ್ಟು ಕೆನಡಾದ್ದೇ ಆಗಿರಬೇಕು. ನಿಯಮ ತಂದ ಆಯೋಗದ ಮುಖ್ಯಸ್ಥ ಪಿಯೆರ್ ಜುನೋ. ಅಲ್ಲಿನ ದೊಡ್ಡ ಸಂಗೀತ ಪ್ರಶಸ್ತಿ 'ಜುನೋ'ಗೆ ಆ ಹೆಸರು ಬಂದದ್ದೂ ಅವರಿಂದಲೇ.

ಟಾಮ್ ಈ ವಿಷಯದಲ್ಲಿ ಹಟಮಾರಿ. ಅವನ ಹಾಡುಗಳ ತುಂಬಾ ಕೆನಡಾದ ಊರುಗಳು, ಲಾರಿ ಡ್ರೈವರುಗಳು, ಗಣಿ ಕೆಲಸದವರು, ಆಲೂಗಡ್ಡೆ. 1978ರಲ್ಲಿ, ಅಮೆರಿಕಕ್ಕೆ ಹೋಗಿ ನೆಲೆಸಿದವರಿಗೆ ಕೆನಡಾದ ಪ್ರಶಸ್ತಿ ಕೊಡ್ತಾ ಇದ್ದೀರಲ್ಲ ಅಂತ ಸಿಟ್ಟಾಗಿ, ತನಗೆ ಬಂದಿದ್ದ ಆರೂ ಜುನೋಗಳನ್ನ ವಾಪಸ್ ಕಳಿಸಿದ. ಆಮೇಲೆ ಹೆಚ್ಚುಕಮ್ಮಿ ಹತ್ತು ವರ್ಷ ವೇದಿಕೆಯಿಂದಲೇ ದೂರ ಇದ್ದುಬಿಟ್ಟ.

'ದಿ ಹಾಕಿ ಸಾಂಗ್' ಬಂದದ್ದು 1973ರ ಆಲ್ಬಮ್ಮಿನಲ್ಲಿ. ಬಂದಾಗ ಏನೂ ಆಗಲಿಲ್ಲ. ಟಾಮ್‌ನ ಇತರ ಹಾಡುಗಳ ಮುಂದೆ ಇದು ಸಪ್ಪೆ ಅಂತಲೇ ಎಷ್ಟೋ ಜನಕ್ಕೆ ಅನ್ನಿಸಿರಬೇಕು. ಮೂರು ಚರಣ. ಹಾಕಿ ಆಟಕ್ಕೂ ಇಪ್ಪತ್ತಿಪ್ಪತ್ತು ನಿಮಿಷದ ಮೂರು ಪೀರಿಯಡ್. ಒಂದೊಂದು ಚರಣಕ್ಕೆ ಒಂದೊಂದು ಪೀರಿಯಡ್, ಕೊನೆಗೆ ಸ್ಟಾನ್ಲಿ ಕಪ್ ಗೆಲುವು. ಅಷ್ಟೇ. ಆದರೆ ಒಂದು ವಿಚಿತ್ರ ಗಮನಿಸಿ: ಊರುಗಳ, ಜನರ ಹೆಸರಿಲ್ಲದೆ ಹಾಡೇ ಬರೆಯದ ಮನುಷ್ಯ ಇಲ್ಲಿ ಬರೀ ಒಂದು ಮೊದಲ ಹೆಸರು ಬಿಟ್ಟರೆ ಯಾವ ಆಟಗಾರನ ಹೆಸರನ್ನೂ ಹಾಕಿಲ್ಲ. ತಂಡದ ಹೆಸರೂ ಇಲ್ಲ. ಗೆದ್ದದ್ದು ಯಾರು? ಊರಿನ ತಂಡ. ಯಾವ ಊರು? ನೀವು ಕೂತಿರೋ ಊರು.

ಹೀಗಾಗಿ ಹಾಡು ಇಪ್ಪತ್ತು ವರ್ಷ ಕಾದಿತ್ತು, ಆದರೆ ಹಳಸಲಿಲ್ಲ. 1992ರಲ್ಲಿ ಒಟ್ಟಾವಾಕ್ಕೆ ಎನ್‌ಎಚ್‌ಎಲ್ ತಂಡ ಮರಳಿ ಬಂತು, ಒಟ್ಟಾವಾ ಸೆನೆಟರ್ಸ್. ಅವರು ಪಂದ್ಯದ ವೇಳೆ ಈ ಹಾಡನ್ನ ಹಾಕೋಕೆ ಶುರು ಮಾಡಿದರು. ಅಲ್ಲಿಗೆ ಆಡಲು ಹೋದ ಟೊರಾಂಟೊ ಮೇಪಲ್ ಲೀಫ್ಸ್ ಕೋಚ್ ಪ್ಯಾಟ್ ಬರ್ನ್ಸ್ ಕೇಳಿಸಿಕೊಂಡು, ನಮ್ಮಲ್ಲೂ ಹಾಕ್ಸಿ ಅಂದರು. ಅಲ್ಲಿಂದ ಬೇರೆ ಊರುಗಳಿಗೂ ಹಬ್ಬಿತು. 2013ರ ಮಾರ್ಚ್ 6ರಂದು ಟಾಮ್ ತೀರಿಕೊಂಡಾಗ, ಜನ ಸೇರಿ ವಿದಾಯ ಹೇಳಿದ್ದು ಪೀಟರ್‌ಬರೊದ ಹಾಕಿ ಕ್ರೀಡಾಂಗಣದಲ್ಲಿ. ಬೇರೆಲ್ಲಿ ಮಾಡೋಕಾಗ್ತಿತ್ತು?

ತಂಡದ ಹೆಸರಿಲ್ಲದ ಹಾಡು ಇಷ್ಟು ದೂರ ಹೋದರೆ, ಮಾತೇ ಇಲ್ಲದ್ದು? ಅದೂ ಇದೆ. ಸಿಬಿಸಿ ಟೆಲಿವಿಷನ್ನಿನ ಶನಿವಾರ ರಾತ್ರಿಯ 'ಹಾಕಿ ನೈಟ್ ಇನ್ ಕೆನಡಾ' ಕಾರ್ಯಕ್ರಮಕ್ಕೆ 1968ರಲ್ಲಿ ಡೊಲೊರೆಸ್ ಕ್ಲಾಮನ್ ಎಂಬಾಕೆ ಬರೆದ ವಾದ್ಯ ಸಂಗೀತ. ವ್ಯಾಂಕೂವರಿನವರು, ನ್ಯೂಯಾರ್ಕಿನ ಜುಲಿಯಾರ್ಡಿನಲ್ಲಿ ಕಲಿತವರು, ಜಾಹೀರಾತುಗಳಿಗೆ ರಾಗ ಹಾಕೋದು ಕೆಲಸ. ಆಗ ಅವರು ಕ್ರೀಡಾಂಗಣದಲ್ಲಿ ಕೂತು ಒಂದು ಹಾಕಿ ಪಂದ್ಯವನ್ನೂ ನೋಡಿರಲಿಲ್ಲ. ಸ್ಕೇಟ್ ಹಾಕ್ಕೊಂಡ ರೋಮನ್ ಗ್ಲಾಡಿಯೇಟರುಗಳನ್ನ ಕಲ್ಪಿಸಿಕೊಂಡು ಬರೆದೆ ಅಂತ ಹೇಳ್ತಿದ್ದರು. ಆ ರಾಗ ಕೇಳಿದರೆ ಶನಿವಾರ ರಾತ್ರಿ ಅಂತ ಮಕ್ಕಳಿಗೂ ಗೊತ್ತಾಗೋ ಮಟ್ಟಿಗೆ ಬೆಳೀತು. ಎರಡನೇ ರಾಷ್ಟ್ರಗೀತೆ ಅಂತ ಜನ ಕರೆದರು. ಆದರೆ ಅದಕ್ಕೆ ಕಾಗದಪತ್ರ ಇತ್ತು, ಹಕ್ಕು ಇತ್ತು. 2008ರಲ್ಲಿ ಸಿಬಿಸಿ ಜೊತೆಗಿನ ಮಾತುಕತೆ ಮುರಿದುಬಿತ್ತು, ಖಾಸಗಿ ವಾಹಿನಿ ಸಿಟಿವಿ ಹಕ್ಕನ್ನ ಕೊಂಡ್ಕೊಂಡಿತು. ನಲವತ್ತು ವರ್ಷದ ರಾಗ ಸರ್ಕಾರಿ ವಾಹಿನಿಯಿಂದ ಎದ್ದು ಬೇರೆ ಚಾನೆಲ್ಲಿಗೆ ಹೋಯ್ತು. ಸಿಬಿಸಿ ಸ್ಪರ್ಧೆ ಇಟ್ಟು, ಒಂದು ಲಕ್ಷ ಡಾಲರ್ ಬಹುಮಾನ ಕೊಟ್ಟು ಹೊಸ ರಾಗ ಆರಿಸಿತು. ಹೊಸ ರಾಗದ ಮೇಲೆ ನನಗೇನೂ ದ್ವೇಷ ಇಲ್ಲ. ಆದರೆ ಅಜ್ಜಿ ಹಾಡ್ತಿದ್ದ ಜೋಗುಳಕ್ಕೆ ಟೆಂಡರ್ ಕರೆದು ಬದಲಿ ತಂದ ಹಾಗೆ ಅದು.

ಕಾಗದಪತ್ರವೇ ಲೆಕ್ಕಕ್ಕೆ ಬಾರದ ಉದಾಹರಣೆಯೂ ಒಂದಿದೆ, ಅಟ್ಲಾಂಟಿಕ್ ದಾಟಿ ಯೂರೋಪಿಗೆ ಹೋಗಬೇಕು ಅಷ್ಟೆ. 1995ರ ವಿಶ್ವ ಚಾಂಪಿಯನ್‌ಷಿಪ್ ನಡೆದದ್ದು ಸ್ವೀಡನ್ನಿನಲ್ಲಿ. ತಮ್ಮ ತಂಡಕ್ಕಾಗಿ ಸ್ವೀಡಿಷರು ಮಾಡಿಸಿದ ಹಾಡು ನಿಕ್ ಬೋರ್ಗೆನ್‌ನ 'ಡೆನ್ ಗ್ಲೀಡರ್ ಇನ್'. ಫೈನಲ್ಲಿನಲ್ಲಿ, ಸ್ಟಾಕ್‌ಹೋಮಿನಲ್ಲೇ, ಫಿನ್ಲೆಂಡ್ ಸ್ವೀಡನ್ನನ್ನ 4-1ರಿಂದ ಸೋಲಿಸಿತು. ಫಿನ್ಲೆಂಡಿಗೆ ಅದು ಮೊದಲ ವಿಶ್ವ ಕಿರೀಟ. ಕಪ್ ಜೊತೆಗೆ ಅವರು ಹಾಡನ್ನೂ ಹೊತ್ಕೊಂಡು ಹೋದರು! ಇವತ್ತಿಗೂ ಫಿನ್ನರು ಆ ಗೆಲುವು ನೆನೆಸಿಕೊಂಡು ಹಾಡೋದು ಅದೇ ಹಾಡನ್ನ, ಅದೂ ಸ್ವೀಡಿಷ್ ಭಾಷೆಯಲ್ಲೇ. ತೀರಾ ಕ್ರೂರ ತಮಾಷೆ. ಕೇಳಿದಾಗಲೆಲ್ಲ ನನಗೆ ನಗು ಬರುತ್ತೆ.

ಸರಿ, ಹೆಸರಿರುವ ಹಾಡುಗಳಿಗೆ ಬರೋಣ. ಆಟಗಾರರ ಮೇಲೆ ಬಂದ ಹಾಡುಗಳು ಬೇಕಾದಷ್ಟಿವೆ, ಹೆಚ್ಚಿನವು ಆಟಗಾರನ ಜೊತೆಗೇ ನಿವೃತ್ತಿಯಾದವು. 1966ರಲ್ಲಿ ಎಡ್ಡಿ ಶ್ಯಾಕ್ ಎಂಬ ಲೀಫ್ಸ್ ಆಟಗಾರನ ಮೇಲೆ, ಹಾಕಿ ಪ್ರಸಾರಕ ಬ್ರಯಾನ್ ಮೆಕ್‌ಫಾರ್ಲೇನ್ ಬರೆದ ಹಾಡೊಂದು ಟೊರಾಂಟೊದ ಚಮ್ ರೇಡಿಯೊ ಪಟ್ಟಿಯಲ್ಲಿ ಒಂದನೇ ಸ್ಥಾನಕ್ಕೇರಿತು. ಆ ವರ್ಷಗಳಲ್ಲಿ ಅಲ್ಲಿ ಬೀಟಲ್ಸ್ ಜೊತೆ ಪೈಪೋಟಿ, ಯೋಚನೆ ಮಾಡಿ. ಶ್ಯಾಕ್‌ಗೆ ಆಗ ಸರಿಯಾಗಿ ಓದಲು ಬರೀತಿರಲಿಲ್ಲ. ಮುಂದೆ ಅಕ್ಷರ ಕಲಿಕೆಯ ಪರವಾಗಿ ಬಹಿರಂಗವಾಗಿ ಮಾತಾಡಿದರು. ತನ್ನ ಹೆಸರಿನ ಹಾಡು ರೇಡಿಯೊದಲ್ಲಿ, ಅದರ ಮಾತುಗಳನ್ನ ಓದೋಕೆ ತನಗೆ ಕಷ್ಟ. ಆ ಹಾಡು ಇವತ್ತು ಹಳಬರಿಗಷ್ಟೇ ಗೊತ್ತು.

ಈ ಲೆಕ್ಕದಲ್ಲಿ ಬಿಲ್ ಬ್ಯಾರಿಲ್ಕೊ ಯಾವತ್ತೋ ಮರೆತುಹೋಗಬೇಕಿತ್ತು.

ಬ್ಯಾರಿಲ್ಕೊ ಹುಟ್ಟಿದ್ದು 1927ರಲ್ಲಿ, ಟಿಮ್ಮಿನ್ಸ್‌ನಲ್ಲಿ, ರಷ್ಯಾ ಕಡೆಯಿಂದ ವಲಸೆ ಬಂದ ಕುಟುಂಬದಲ್ಲಿ. ಟಾಮ್ ಬಿಯರಿಗೆ ಐದು ಸೆಂಟು ಹುಡುಕಿದ ಊರಿನಲ್ಲೇ, ಅದಕ್ಕೆ ಮುವ್ವತ್ತೇಳು ವರ್ಷ ಮುಂಚೆ. ಲೀಫ್ಸ್ ತಂಡದ ಡಿಫೆನ್ಸ್ ಆಟಗಾರ. ಐದು ಸೀಸನ್‌ಗಳಲ್ಲಿ ನಾಲ್ಕು ಸ್ಟಾನ್ಲಿ ಕಪ್. ಗೋಲು ಹೊಡೆಯೋದು ಅವನ ಕೆಲಸವೇ ಅಲ್ಲ, ಎದುರಾಳಿಗೆ ಡಿಕ್ಕಿ ಹೊಡೆಯೋದು ಕೆಲಸ. 252 ಪಂದ್ಯಗಳಲ್ಲಿ 26 ಗೋಲು. 1951ರ ಫೈನಲ್ ಸರಣಿ ಮಾಂಟ್ರಿಯಲ್ ಕನೇಡಿಯನ್ಸ್ ವಿರುದ್ಧ. ಐದು ಪಂದ್ಯ, ಐದೂ ಓವರ್‌ಟೈಮಿಗೆ ಹೋದವು. ಏಪ್ರಿಲ್ 21ರ ಐದನೇ ಪಂದ್ಯದಲ್ಲಿ, ಓವರ್‌ಟೈಮ್ ಶುರುವಾಗಿ ಮೂರು ನಿಮಿಷ ಆಗೋದರೊಳಗೆ, ಬ್ಯಾರಿಲ್ಕೊ ತನ್ನ ಜಾಗ ಬಿಟ್ಟು ಮುಂದೆ ನುಗ್ಗಿ ಹೊಡೆದ. ಒಳಗೆ. ಕಪ್ ಟೊರಾಂಟೊಗೆ. ಆ ಕ್ಷಣದ ಫೋಟೊ ಇದೆ: ಪಕ್ ಹೊಡೆದು ಸಮತೋಲ ತಪ್ಪಿದ ಬ್ಯಾರಿಲ್ಕೊ ಗಾಳಿಯಲ್ಲಿದ್ದಾನೆ, ಇನ್ನೂ ಬಿದ್ದಿಲ್ಲ.

ನಾಲ್ಕು ತಿಂಗಳ ನಂತರ, ಆಗಸ್ಟ್ 26ರಂದು, ಊರಿನ ಹಲ್ಲಿನ ಡಾಕ್ಟರ್ ಒಬ್ಬರ ಜೊತೆ ಮೀನು ಹಿಡಿಯೋಕೆ ಹೋದವನು ವಾಪಸ್ ಬರ್ತಿದ್ದ. ಡಾಕ್ಟರದ್ದೇ ಪುಟ್ಟ ವಿಮಾನ, ನೀರಿನ ಮೇಲೆ ಇಳಿಯೋ ಥರದ್ದು. ಜೇಮ್ಸ್ ಕೊಲ್ಲಿಯ ಕಡೆಯಿಂದ ಹೊರಟ ವಿಮಾನ ಟಿಮ್ಮಿನ್ಸ್ ಮುಟ್ಟಲಿಲ್ಲ. ಡಾಕ್ಟರ್ ಹೆಸರು ಹೆನ್ರಿ ಹಡ್ಸನ್. ಇತಿಹಾಸ ಓದಿದವರು ಇಲ್ಲಿ ಬೆಚ್ಚಬೇಕು: ಇದೇ ಹೆಸರಿನ ನಾವಿಕ, ಹಡ್ಸನ್ ಕೊಲ್ಲಿಗೆ ಹೆಸರು ಕೊಟ್ಟವನು, 1611ರಲ್ಲಿ ಇದೇ ಜೇಮ್ಸ್ ಕೊಲ್ಲಿಯಲ್ಲಿ ತನ್ನ ಸಿಬ್ಬಂದಿಯ ದಂಗೆಗೆ ಸಿಕ್ಕಿ ದೋಣಿಯೊಂದರಲ್ಲಿ ಬಿಡಲ್ಪಟ್ಟು ಕಾಣೆಯಾಗಿದ್ದ. ಕಾದಂಬರಿಯಲ್ಲಿ ಬರೆದರೆ ಸಂಪಾದಕರು ಹೊಡೆದುಹಾಕ್ತಾರೆ.

ಕೆನಡಾದ ವಾಯುಪಡೆ ಅಲ್ಲಿವರೆಗೆ ಆ ದೇಶ ಕಂಡಿರದಷ್ಟು ದೊಡ್ಡ ಹುಡುಕಾಟ ನಡೆಸಿತು. ಏನೂ ಸಿಗಲಿಲ್ಲ. ಆಗ ಗಾಳಿಮಾತು ಶುರುವಾದವು. ಗಣಿಯಿಂದ ಚಿನ್ನ ಕದ್ದು ಸಾಗಿಸ್ತಿದ್ದರಂತೆ. ಇಲ್ಲ, ರಷ್ಯಾದವನಲ್ಲವಾ, ಸೋವಿಯತ್ ದೇಶಕ್ಕೆ ಓಡಿಹೋಗಿ ಅಲ್ಲಿ ಹಾಕಿ ಕಲಿಸ್ತಾ ಇದ್ದಾನಂತೆ. ಶೀತಲ ಸಮರದ ಕಾಲ, ಹೆಸರಿನ ಕೊನೆಯಲ್ಲಿ 'ಕೊ' ಇದ್ದರೆ ಸಾಕಿತ್ತು. ಇಪ್ಪತ್ತನಾಲ್ಕು ವರ್ಷದ ಮಗನನ್ನ ಕಳಕೊಂಡ ತಾಯಿ ಅದೇ ಊರಿನಲ್ಲಿ ಕೂತು ಇದನ್ನೆಲ್ಲ ಕೇಳಿಸಿಕೊಳ್ಳಬೇಕಿತ್ತು. ಹನ್ನೊಂದು ಚಳಿಗಾಲ.

1962ರ ಜೂನ್‌ನಲ್ಲಿ, ಕಾಕ್ರೇನ್ ಊರಿನ ಉತ್ತರಕ್ಕೆ ಸುಮಾರು 100 ಕಿಲೋಮೀಟರ್ ದೂರದ ಕಾಡಿನಲ್ಲಿ ಹೆಲಿಕಾಪ್ಟರ್ ಪೈಲಟ್ ಒಬ್ಬರಿಗೆ ಏನೋ ಹೊಳೆದದ್ದು ಕಂಡಿತು. ವಿಮಾನದ ಅವಶೇಷ, ಒಳಗೆ ಇಬ್ಬರ ಅಸ್ಥಿ. ಬ್ಯಾರಿಲ್ಕೊನನ್ನ ಟಿಮ್ಮಿನ್ಸ್‌ನಲ್ಲಿ ಮಣ್ಣು ಮಾಡಿದರು.

ಈ ಹನ್ನೊಂದು ವರ್ಷ ಲೀಫ್ಸ್ ಕಪ್ ಗೆಲ್ಲಲಿಲ್ಲ. ಹೀಗಾಗಿ ಅವನ ದೇಹ ಸಿಗೋವರೆಗೆ ತಂಡಕ್ಕೆ ಶಾಪ ಇತ್ತು ಅನ್ನೋ ಕತೆ ಚಾಲ್ತಿಗೆ ಬಂತು. ನನ್ನ ಪಕ್ಕದಲ್ಲಿ ಕೂತಿದ್ದ ಹಿರಿಯರೂ ಹಾಗೇ ಹೇಳಿದ್ದು. ಕ್ಯಾಲೆಂಡರ್ ನೋಡಿದರೆ ವರಸೆ ಉಲ್ಟಾ. ಲೀಫ್ಸ್ ಕಪ್ ಗೆದ್ದದ್ದು 1962ರ ಏಪ್ರಿಲ್ 22ಕ್ಕೆ. ವಿಮಾನ ಸಿಕ್ಕಿದ್ದು ಅದಾದ ಆರು ವಾರದ ಮೇಲೆ. ಶಾಪ ಮೊದಲೇ ಕಳೆದಿತ್ತು, ಅಸ್ಥಿ ಇನ್ನೂ ಕಾಡಿನಲ್ಲೇ ಇತ್ತು.

ಈ ಕತೆಯೂ ನಿಧಾನಕ್ಕೆ ಮಸುಕಾಯ್ತು. ಮೂರು ದಶಕ ಆದಮೇಲೆ ಗಾರ್ಡ್ ಡೌನಿ ಎಂಬ ಹಾಡುಗಾರನ ಕೈಗೆ ಒಂದು ಹಾಕಿ ಕಾರ್ಡು ಸಿಕ್ಕಿತು. ನಾವು ಬಬಲ್ ಗಮ್ ಜೊತೆ ಬರ್ತಿದ್ದ ಕ್ರಿಕೆಟ್ ಕಾರ್ಡು ಕೂಡಿಡ್ತಿದ್ವಲ್ಲ, ಅಂಥದ್ದೇ. ಹಿಂಬದಿಯಲ್ಲಿ ನಾಲ್ಕು ಸಾಲಿನಲ್ಲಿ ಬ್ಯಾರಿಲ್ಕೊನ ಕತೆ. ಡೌನಿಯ ತಂಡ 'ದಿ ಟ್ರ್ಯಾಜಿಕಲಿ ಹಿಪ್' ಅದನ್ನ 'ಫಿಫ್ಟಿ ಮಿಷನ್ ಕ್ಯಾಪ್' ಅನ್ನೋ ಹಾಡು ಮಾಡಿತು. 1992ರ ಅಕ್ಟೋಬರ್‌ನಲ್ಲಿ ಬಂದ 'ಫುಲ್ಲಿ ಕಂಪ್ಲೀಟ್ಲಿ' ಆಲ್ಬಮ್ಮಿನಲ್ಲಿದೆ. ಟಾಮ್‌ನ ಹಾಡು ಸ್ಟೇಡಿಯಮ್ಮಿನಲ್ಲಿ ಮರುಜನ್ಮ ಪಡೆದ ಕಾಲವೂ ಅದೇ. ಮೊದಲ ಸಲ ಕೇಳಿದಾಗ ನನಗೆ ನಿರಾಸೆಯಾಯ್ತು. ಶೋಕಗೀತೆ ಇರುತ್ತೆ ಅಂದ್ಕೊಂಡಿದ್ದೆ. ಇದ್ದದ್ದು ಜೋರು ಗಿಟಾರಿನ ಜೊತೆ, ಹೆಚ್ಚುಕಮ್ಮಿ ಪತ್ರಿಕಾ ವರದಿ: ಕಾಣೆಯಾದ, ಕೊನೆಯ ಗೋಲು, ಕಪ್, ವರ್ಷ. ಕಾರ್ಡಿನಿಂದ ಕದ್ದೆ ಅಂತ ಹಾಡಿನಲ್ಲೇ ಒಪ್ಪಿಕೊಳ್ತಾನೆ. ಒಂದು ಗೌರವ ಹೇಳಬೇಕು: ವರ್ಷಗಳ ವಿಷಯದಲ್ಲಿ ಹಾಡು ಸುಳ್ಳು ಹೇಳಲ್ಲ. ಶಾಪ ಕಟ್ಟಿದ್ದು ಕೇಳಿದವರು.

ಮತ್ತೆ ಆ ಟೋಪಿ? ಎರಡನೇ ಮಹಾಯುದ್ಧದ ಬಾಂಬರ್ ವಿಮಾನಗಳ ಸಿಬ್ಬಂದಿಯದ್ದು. ಹೆಡ್‌ಫೋನ್ ಹಾಕಿಕೊಳ್ಳೋಕೆ ಟೋಪಿಯ ಒಳಗಿನ ಗಟ್ಟಿ ಪಟ್ಟಿ ತೆಗೆಯುತ್ತಿದ್ದರು. ಹಾರಾಟ ಹೆಚ್ಚಿದ ಹಾಗೆ ಅದು ಮುದುಡಿ ಸೊಟ್ಟಗಾಗುತ್ತಿತ್ತು. ಐವತ್ತು ಸಲ ಸಾವಿನ ಬಾಯಿಗೆ ಹೋಗಿ ಬಂದವನ ಗುರುತು ಅದು. ಹೊಸಬರು ತಮ್ಮ ಟೋಪಿಯನ್ನ ಬೇಕಂತಲೇ ಹಿಸುಕಿ, ಹಳೇದರ ಹಾಗೆ ಮಾಡ್ಕೋತಿದ್ದರು. ಹಾಡಿನ ಹುಡುಗ ಕಾರ್ಡನ್ನ ಟೋಪಿಯೊಳಗೆ ಸಿಕ್ಕಿಸಿಕೊಂಡು ಅದನ್ನೇ ಮಾಡ್ತಾನೆ. ತನ್ನದಲ್ಲದ ನೆನಪನ್ನ ತಲೆಗೆ ಒಗ್ಗಿಸಿಕೊಳ್ತಾನೆ. ಮೂರನೇ ಸಲ ಕೇಳಿದಾಗ ಇದು ಹೊಳೀತು, ಆಮೇಲೆ ಹಾಡು ಬೇರೆಯಾಗೇ ಕೇಳಿಸಿತು. ಈ ದೇಶಕ್ಕೆ ಬಂದು ಆರು ತಿಂಗಳಾಗಿದ್ದ ನಾನೂ ಅಷ್ಟೊತ್ತಿಗೆ ಆಫೀಸಿನಲ್ಲಿ 1951ರ ಓವರ್‌ಟೈಮ್ ಬಗ್ಗೆ ಕಣ್ಣಾರೆ ಕಂಡವನ ಹಾಗೆ ಮಾತಾಡೋಕೆ ಶುರು ಮಾಡಿದ್ದೆ.

ಅದೇ 1992ರ ಅಕ್ಟೋಬರ್ 17ರಂದು ಲೀಫ್ಸ್ ಬ್ಯಾರಿಲ್ಕೊನ 5ನೇ ನಂಬರನ್ನ ಇನ್ಯಾರಿಗೂ ಕೊಡದಂತೆ ನಿವೃತ್ತಿಗೊಳಿಸಿತು. ಡೌನಿಗೆ ಮಿದುಳಿನ ಕ್ಯಾನ್ಸರ್ ಅಂತ 2016ರ ಮೇ ತಿಂಗಳಲ್ಲಿ ಬಹಿರಂಗವಾಯ್ತು. ಆಗಸ್ಟ್ 20ರಂದು ತನ್ನ ಊರು ಕಿಂಗ್‌ಸ್ಟನ್ನಿನಲ್ಲಿ ತಂಡದ ಜೊತೆ ಅವನ ಕೊನೇ ಕಛೇರಿ. ಸಿಬಿಸಿ ನೇರಪ್ರಸಾರ ಮಾಡಿತು, ಒಂದು ಕೋಟಿಗೂ ಹೆಚ್ಚು ಜನ ನೋಡಿದರು, ಅಂದ್ರೆ ಕೆನಡಾದ ಹೆಚ್ಚುಕಮ್ಮಿ ಮೂರರಲ್ಲೊಂದು ಪಾಲು. ತೀರಿಕೊಂಡದ್ದು 2017ರಲ್ಲಿ. ತಾರೀಖು ಅಕ್ಟೋಬರ್ 17.

ಆ ಕ್ರೀಡಾಂಗಣಕ್ಕೆ ಆಮೇಲೆ ಎರಡು ಸಲ ಹೋಗಿದ್ದೇನೆ, ಸ್ವಂತ ದುಡ್ಡಿನಲ್ಲಿ. ಟಾಮ್‌ನ ಹಾಡು ಬಂದಾಗ ಎಲ್ಲರ ಜೊತೆ ಚಪ್ಪಾಳೆ ತಟ್ಟುತ್ತಾ ಕತ್ತೆತ್ತಿ ಆ 5 ಎಲ್ಲಿದೆ ಅಂತ ನೋಡ್ತೀನಿ. ಅದು ತಕ್ಷಣ ಸಿಗುತ್ತೆ. ಪಕ್ ಮಾತ್ರ ಈಗಲೂ ಕಣ್ಣಿಗೆ ಬೀಳಲ್ಲ.